ಹಾರಿ ಹಿಡಿಯುವವನು, ನಿಂತು ಹಿಡಿಯುವವನು

ಮೈಸೂರಿನ ಚಾಮುಂಡೇಶ್ವರಿಗೆ ಬೇಸ್‌ಬಾಲ್ ಆಟಗಾರರನ್ನು ತೂಗಿ ನೋಡುವ ಕೆಲಸ ಸಿಕ್ಕಿದ್ದು ಅವಳು ಬೇಡಿ ಪಡೆದದ್ದಲ್ಲ, ಯಾರೂ ಯೋಚಿಸಿ ಕೊಟ್ಟದ್ದೂ ಅಲ್ಲ. ಜಪಾನಿನ ಶಿನಾಗಾವಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳು ಹೋಟೆಲುಗಳ ಬುಕಿಂಗ್ ಅಂಕಿಅಂಶ ನೋಡಿಕೊಂಡು ತನ್ನ ಪಾಡಿಗೆ ತಾನಿದ್ದಳು. ಕೊರೊನಾ ಬಂತು, ಹೋಟೆಲುಗಳು ಬಾಗಿಲು ಹಾಕಿದವು. ಊರಿಗೆ ವಾಪಸು ಕಳಿಸುತ್ತಾರೇನೋ ಎಂದು ಅವಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ, ಕಂಪನಿಯವರು ಅವಳನ್ನು ಎತ್ತಿ ಒಂದು ಬೇಸ್‌ಬಾಲ್ ಕ್ಲಬ್ಬಿನ ಕೆಲಸಕ್ಕೆ ಹಾಕಿದರು. ಕಾಲೇಜಿನಲ್ಲಿ ಖೊ-ಖೊ ಆಡುತ್ತಿದ್ದೆ ಎಂದು ಯಾವುದೋ ಕಾಲದಲ್ಲಿ ಅವಳು ಬರೆದುಕೊಟ್ಟದ್ದು ಮೇಲಿನವರ ಕಣ್ಣಿಗೆ ಬಿದ್ದಿತ್ತಂತೆ. ಖೊ-ಖೊದಲ್ಲಿ ಚೆಂಡೇ ಇರುವುದಿಲ್ಲ ಎಂಬ ಸಂಗತಿ ಅವರಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಳು ಜಾಣತನದಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕ್ಲಬ್ಬಿನ ಹೆಸರು ನಮಗೆ ಬೇಡ. ಜಪಾನಿನ ದೊಡ್ಡ ಕ್ಲಬ್ಬುಗಳಿಗೆಲ್ಲ ನಿಗುನ್ ಎಂಬ ಎರಡನೇ ತಂಡವೊಂದಿರುತ್ತದೆ. ಟಿವಿಯಲ್ಲಿ ಕಾಣುವವರು ಮೊದಲನೇ ತಂಡದವರು. ನಾಳೆ ಕಾಣಬಹುದಾದವರು, ಎಂದೆಂದೂ ಕಾಣಿಸದವರು, ಎಲ್ಲ ಕೂಡಿ ಎರಡನೆಯದರಲ್ಲಿ ಬೆವರು ಹರಿಸುತ್ತಿರುತ್ತಾರೆ. ಅವರ ಮೈದಾನಗಳು ಊರಾಚೆ, ಹೊಳೆಯ ದಡದಲ್ಲೋ ಕಾರ್ಖಾನೆಗಳ ಹಿಂದೆಯೋ ಇರುತ್ತವೆ. ಇವಳ ಕ್ಲಬ್ಬಿನದು ಸೈತಾಮಾದಲ್ಲಿ, ವಾಕೋ ದಾಟಿ ಮುಂದೆ, ಹೊಳೆಯ ಏರಿಯ ಕೆಳಗಿತ್ತು.

ಇವಳ ಪಾಲಿಗೆ ಬಂದವರು ಇಬ್ಬರು ಶಾರ್ಟ್‌ಸ್ಟಾಪ್‌ಗಳು. ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ಹೇಳುವುದಾದರೆ, ಬಲಗೈ ಬ್ಯಾಟರ್ ಮಿಡ್‌ವಿಕೆಟ್ ಕಡೆಗೆ ಬಾರಿಸಿದ ಚೆಂಡು ನೆಲ ಕಚ್ಚಿಕೊಂಡು ಬರುತ್ತದಲ್ಲ, ಅಲ್ಲಿ ನಿಲ್ಲುವವನು ಶಾರ್ಟ್‌ಸ್ಟಾಪ್. ಬಂದ ಚೆಂಡನ್ನು ಹಿಡಿದು, ಬ್ಯಾಟರ್ ಓಡಿ ಮುಟ್ಟುವ ಮೊದಲೇ, ಮೈದಾನದ ಆ ಬದಿಯ ಮೊದಲ ಬೇಸ್‌ಗೆ ಎಸೆಯಬೇಕು. ಈ ಜಾಗದವನಿಗೆ ಬ್ಯಾಟಿಂಗ್ ಕೊಂಚ ಕಡಿಮೆ ಬಂದರೂ ನಡೆಯುತ್ತದೆ. ಕೈ ಮಾತ್ರ ಸೋರಬಾರದು. ಒಬ್ಬನ ಹೆಸರು ಹಯಾಸೆ, ಇನ್ನೊಬ್ಬನದು ಕುರೊಗಿ. ಒಂದೇ ವಯಸ್ಸು, ಇಬ್ಬರೂ ಹೈಸ್ಕೂಲಿನಿಂದ ನೇರ ತಂಡಕ್ಕೆ ಬಂದವರು. ಕ್ಲಬ್ಬಿಗೆ ಒಬ್ಬ ಸಾಕಾಗಿತ್ತು. ಅಕ್ಟೋಬರ್ ಬಂದೊಡನೆ ಇಬ್ಬರಲ್ಲಿ ಒಬ್ಬನನ್ನು ಕರೆದು, ಮುಂದಿನ ವರ್ಷಕ್ಕೆ ನೀವು ಬೇಡ ಎಂದು ಹೇಳುವುದು ಬೇಸಿಗೆಯಲ್ಲೇ ತೀರ್ಮಾನವಾಗಿತ್ತು. ಯಾರನ್ನು ಎಂಬುದಷ್ಟೇ ಬಾಕಿ.

ಅದನ್ನು ಹೇಳಬೇಕಾಗಿದ್ದವರು ಎರಡನೇ ತಂಡದ ಉಸ್ತುವಾರಿ ಒಕಾಬೆ-ಸಾನ್. ಹಿಂದೆ ಕ್ಯಾಚರ್, ಅಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ, ಆಗಿದ್ದವರು. ಕೈಯ ಬೆರಳುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಕೋಚ್‌ಗಳೆಲ್ಲ ಆಗಲೇ ಒಬ್ಬೊಬ್ಬರ ಪರ ವಹಿಸಿಕೊಂಡಿದ್ದರು. ನಿಮಗೆ ಇಬ್ಬರೂ ಗೊತ್ತಿಲ್ಲ, ಬೇಸ್‌ಬಾಲೂ ಗೊತ್ತಿಲ್ಲ, ಆದ್ದರಿಂದ ಒಂದೊಂದು ಚೆಂಡನ್ನೂ ಸುಮ್ಮನೆ ನೋಡಿ ಹೇಳಿ, ಎಂದು ಒಕಾಬೆ-ಸಾನ್ ಬಹಳ ಗೌರವದಿಂದಲೇ ಹೇಳಿದ್ದರು. ಇದು ಹೊಗಳಿಕೆಯೋ ಬೈಗುಳವೋ ಎಂದು ಚಾಮುಂಡೇಶ್ವರಿ ಆ ದಿನವೆಲ್ಲ ಯೋಚಿಸಿದಳು.

ಆಗ ಹೊರಗಿನವರಿಗೆ ಮೈದಾನಕ್ಕೆ ಪ್ರವೇಶವಿರಲಿಲ್ಲ. ಹಾಗಾಗಿ ಆಟವೇ ಅವಳ ಮನೆಗೆ ಬಂತು, ತುಣುಕು ತುಣುಕು ವಿಡಿಯೊಗಳಾಗಿ. ಕಾವಾಸಾಕಿಯ ಆ ಚಿಕ್ಕ ಫ್ಲ್ಯಾಟಿನಲ್ಲಿ ಊಟದ ಮೇಜಿನ ಒಂದು ತುದಿಯಲ್ಲಿ ಗಂಡ ಪ್ರಶಾಂತ ಕೂತು, ಕಾರಿನ ಬ್ರೇಕುಗಳ ಬಗ್ಗೆ ಯಾರಿಗೋ ತಾಳ್ಮೆಯಿಂದ ವಿವರಿಸುತ್ತಿರುತ್ತಿದ್ದ. ಇನ್ನೊಂದು ತುದಿಯಲ್ಲಿ ಇವಳು. ತುಣುಕು ಶುರುವಾಗುತ್ತಿದ್ದುದು ಬ್ಯಾಟಿಗೆ ಚೆಂಡು ತಾಗಿದ ಕ್ಷಣದಿಂದ. ಟಕ್ ಎಂದು ಸದ್ದು, ಕ್ಯಾಮೆರಾ ಗಿರ್ರನೆ ತಿರುಗಿ ಶಾರ್ಟ್‌ಸ್ಟಾಪ್ ಮೇಲೆ ನಿಲ್ಲುವುದು, ಅವನು ಹಿಡಿಯುವುದು ಅಥವಾ ಬಿಡುವುದು, ಮುಗಿಯಿತು. ಚೆಂಡು ಸುಲಭದ್ದೋ, ಕಷ್ಟದ್ದೋ ಎಂದು ಇವಳು ಗುರುತು ಹಾಕಬೇಕು. ಕಷ್ಟದ್ದು ಹಿಡಿದರೆ ಅವನ ಖಾತೆಗೆ ಪುಣ್ಯ, ಸುಲಭದ್ದು ಬಿಟ್ಟರೆ ಪಾಪ. ಮೊದಲ ತಂಡದ ಮೈದಾನದಲ್ಲಿ ಇದನ್ನೆಲ್ಲ ಯಂತ್ರಗಳೇ ಮಾಡುತ್ತಿದ್ದವು. ಎರಡನೇ ತಂಡಕ್ಕೆ ಅಷ್ಟು ಖರ್ಚು ಯಾರು ಮಾಡುತ್ತಾರೆ, ಚಾಮುಂಡೇಶ್ವರಿ ಇದ್ದಾಳಲ್ಲ.

ಆ ವರ್ಷ ದಿನಗಳಿಗೆ ಅಂಚುಗಳಿರಲಿಲ್ಲ. ಸೋಮವಾರ ಬುಧವಾರಕ್ಕೆ ಹರಿದುಹೋಗುತ್ತಿತ್ತು, ಮಳೆಗಾಲ ಸೆಕೆಯೊಳಕ್ಕೆ ಕರಗುತ್ತಿತ್ತು. ಕಿಟಕಿಯಾಚೆ ಸಿಕಾಡಾ ಜೀರುಂಡೆಗಳು ಒಂದೇ ಶ್ರುತಿಯಲ್ಲಿ ಕೂಗುತ್ತಿದ್ದವು, ಕೆಳಗಿನ ಕೊಂಬಿನಿ ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಅದೇ ಪುಟ್ಟ ರಾಗ ಕೇಳುತ್ತಿತ್ತು. ಪರದೆಯ ಮೇಲೆ ಖಾಲಿ ಗ್ಯಾಲರಿಗಳು, ಕಂದು ಮಣ್ಣು, ಬಿಳಿ ಅಂಗಿಯ ಹುಡುಗರು. ಯಾವುದೋ ಚೆಂಡು, ಯಾವುದೋ ಊರು, ಸದ್ದಿಲ್ಲದ ಬಿಸಿಲು. ಅನ್ನಕ್ಕೆ ಅಕ್ಕಿ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಕಣ್ಣ ಮುಂದೆ ಚೆಂಡುಗಳು ಎಡದಿಂದ ಬಲಕ್ಕೆ ಉರುಳುತ್ತಲೇ ಇರುತ್ತಿದ್ದವು. ಮಧ್ಯಾಹ್ನ ಕೂತಲ್ಲೇ ತೂಕಡಿಸಿದರೆ ಆ ಹುಡುಗರು ಮೈಸೂರಿನ ಕಾಲೇಜು ಮೈದಾನದಲ್ಲಿ ಆಡುತ್ತಿರುತ್ತಿದ್ದರು. ಎಚ್ಚರವಾದರೆ ಇದು ಯಾವ ಊರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಆ ಮಂಪರಿನಲ್ಲಿ ಅವಳು ಹಯಾಸೆಗೆ ಮನಸೋತಳು. ತಪ್ಪು ತಿಳಿಯಬೇಡಿ, ಅಂಥದ್ದೇನಲ್ಲ. ಹಯಾಸೆ ಹಾರುತ್ತಿದ್ದ. ಚೆಂಡು ಕೈಮೀರಿ ಹೋಯಿತು ಎನ್ನುವಾಗ ಇಡೀ ಮೈಯನ್ನು ಗಾಳಿಗೆ ಎಸೆದು, ಕೈಗವಸಿನ ತುದಿಯಲ್ಲಿ ಅದನ್ನು ಹೆಕ್ಕಿ, ಎದೆಯ ಮೇಲೆ ಬಿದ್ದು, ಬಿದ್ದಲ್ಲಿಂದಲೇ ಮಂಡಿಯೂರಿ ಎಸೆಯುತ್ತಿದ್ದ. ಪ್ರತಿ ಸಲವೂ ಅವಳ ಎದೆ ಜುಂ ಎನ್ನುತ್ತಿತ್ತು. ಯಾಕೆಂದರೆ ಒಂದು ಕಾಲದಲ್ಲಿ ಅವಳೂ ಹೀಗೇ ಹಾರುತ್ತಿದ್ದಳು. ಖೊ-ಖೊದಲ್ಲಿ ಅಟ್ಟಿಸಿಕೊಂಡು ಹೋಗಿ, ಓಡುವವಳು ತಪ್ಪಿಸಿಕೊಂಡಳು ಎನ್ನುವಾಗ ನೆಲಕ್ಕೆ ಸಮವಾಗಿ ಹಾರಿ ಹಿಮ್ಮಡಿ ಮುಟ್ಟುವುದರಲ್ಲಿ ಅವಳು ವಿಶ್ವವಿದ್ಯಾಲಯಕ್ಕೇ ಹೆಸರುವಾಸಿ. ಹಾರುವವರನ್ನು ಕಂಡರೆ ಅವಳ ಮೈಯೇ ಅವರ ಪರ ವೋಟು ಹಾಕಿಬಿಡುತ್ತಿತ್ತು. ತಲೆಯನ್ನು ಕೇಳುವವರು ಯಾರು. ಬೆಳಿಗ್ಗೆ ಎದ್ದು ಕಾಫಿಗೂ ಮೊದಲು ಹಯಾಸೆಯ ಹೊಸ ತುಣುಕು ಬಂದಿದೆಯೇ ಎಂದು ನೋಡುತ್ತಿದ್ದಳು. ಮಗಳು ವರ್ಷಿಣಿಯೂ ಪಕ್ಕದಲ್ಲಿ ನಿಂತು ನೋಡಿ, ಸುಗೋಯ್ ಎಂದು ಜಪಾನಿಯಲ್ಲಿ ಮೆಚ್ಚಿ ಆನ್‌ಲೈನ್ ಶಾಲೆಗೆ ಹೋಗುತ್ತಿದ್ದಳು.

ಕುರೊಗಿಯ ತುಣುಕುಗಳು ನಿದ್ದೆ ತರಿಸುತ್ತಿದ್ದವು. ಟಕ್ ಎಂದು ಸದ್ದು, ಕ್ಯಾಮೆರಾ ತಿರುಗುವುದು, ಚೆಂಡು ನೇರ ಅವನ ಕೈಗೇ ಬರುವುದು. ನಿಂತಲ್ಲೇ ಹೂವು ಎತ್ತಿಕೊಂಡ ಹಾಗೆ ಎತ್ತಿಕೊಂಡು ಎಸೆಯುತ್ತಿದ್ದ. ಅದೃಷ್ಟವಂತ, ಇವನಿಗೆ ಯಾರೂ ಕಷ್ಟದ ಚೆಂಡು ಕೊಡುವುದೇ ಇಲ್ಲ ಎಂದುಕೊಂಡು ಅವಳು ಸುಲಭ, ಸುಲಭ, ಸುಲಭ ಎಂದು ಗುರುತು ಹಾಕುತ್ತ ಹೋದಳು. ಬ್ಯಾಟಿಂಗಿನಲ್ಲೂ ಅವನದು ಅದೇ ಕಥೆ. ಹಯಾಸೆ ಬಾರಿಸಿದರೆ ಚೆಂಡು ಬೇಲಿ ಮುಟ್ಟುತ್ತಿತ್ತು. ಇವನು ಒಳ್ಳೊಳ್ಳೆಯ ಚೆಂಡುಗಳನ್ನು ಅಡ್ಡಕ್ಕೆ ತಟ್ಟಿ ಕೆಡಿಸುತ್ತ, ಎಸೆಯುವವನ ಪಿತ್ತ ನೆತ್ತಿಗೇರಿಸಿ, ಕೊನೆಗೆ ಅವನು ನಾಲ್ಕು ಚೆಂಡು ಅಳತೆ ತಪ್ಪಿ ಎಸೆದಾಗ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗುತ್ತಿದ್ದ. ಆಗಸ್ಟಿನಲ್ಲಿ ಅವಳು ಒಕಾಬೆ-ಸಾನ್‌ಗೆ ಕಳಿಸಿದ ಮಧ್ಯಂತರ ವರದಿಯಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಹೊಡೆಯುವುದರಲ್ಲೂ ಹಿಡಿಯುವುದರಲ್ಲೂ ಹಯಾಸೆಯೇ ಮುಂದು. ವರದಿ ಮೇಲಕ್ಕೆ ಹೋಯಿತು. ಮೇಲಿನವರಿಗೂ ಹಾರುವವರೆಂದರೆ ಇಷ್ಟವೇ ಅಲ್ಲವೇ, ಎಲ್ಲರೂ ತಲೆದೂಗಿದರು.

ಸೆಪ್ಟೆಂಬರಿನಲ್ಲಿ ಎರಡನೇ ಲಸಿಕೆ ಆದ ಮೇಲೆ ಅವಳಿಗೆ ಮೈದಾನಕ್ಕೆ ಬರಲು ಅನುಮತಿ ಸಿಕ್ಕಿತು. ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು, ಕೂಗುವುದು ಚಪ್ಪಾಳೆ ತಟ್ಟುವುದು ನಿಷೇಧ ಎಂಬ ಬೋರ್ಡು ತೋರಿಸಿದರು. ಕೂಗಲು ಅಲ್ಲಿ ಯಾರೂ ಇರಲಿಲ್ಲ. ಪ್ರೇಕ್ಷಕರಿಗೆ ಬಾಗಿಲು ಮುಚ್ಚಿದ್ದ ಆಟ ಅದು. ಸಾಲು ಸಾಲು ಹಸಿರು ಕುರ್ಚಿಗಳ ನಡುವೆ ಅವಳೊಬ್ಬಳೇ, ಮೂರನೇ ಬೇಸ್ ಬದಿಯ ಬಲೆಯ ಹಿಂದೆ ಕೂತಳು. ಹೊಳೆಯ ಕಡೆಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಏರಿಯ ಮೇಲೆ ಯಾರೋ ಸೈಕಲ್ ತುಳಿದುಕೊಂಡು ಹೋದರು. ಇಷ್ಟು ದಿನ ಪರದೆಯೊಳಗಿದ್ದ ಹುಡುಗರು ಹೊರಗೆ ಬಂದು ನಿಜವಾಗಿ ನಡೆದಾಡುತ್ತಿರುವುದು ಅವಳಿಗೆ ಕನಸು ಮುಂದುವರಿದ ಹಾಗೆಯೇ ಕಂಡಿತು.

ಮೊದಲಿನ ಇನಿಂಗ್ಸುಗಳಲ್ಲಿ ಶಾರ್ಟ್‌ಸ್ಟಾಪ್ ಜಾಗಕ್ಕೆ ಬಂದವನು ಕುರೊಗಿ. ಅವಳಿಗೆ ಕ್ಯಾಮೆರಾದ ಅಭ್ಯಾಸ. ಬಿಸಿಲಿನ ಝಳಕ್ಕೆ ಬ್ಯಾಟಿನಿಂದ ಹೊರಟ ಚೆಂಡು ಕಣ್ಣಿಗೆ ಹತ್ತಲೇ ಇಲ್ಲ. ಒಂದು ಎತ್ತ ಹೋಯಿತೋ ಗೊತ್ತಾಗಲಿಲ್ಲ, ಇನ್ನೊಂದೂ ಗೊತ್ತಾಗಲಿಲ್ಲ. ಸಾಕಾಗಿ, ಚೆಂಡಿನ ಗೊಡವೆಯೇ ಬೇಡ ಎಂದು ಅವಳು ಸುಮ್ಮನೆ ಆ ಹುಡುಗನನ್ನೇ ನೋಡುತ್ತ ಕೂತಳು. ಕಣ್ಣು ಭಾರವಾಯಿತು, ಅರ್ಧ ಮುಚ್ಚಿತು. ಆಗ ಅವಳಿಗೆ ಕೇಳಿಸಿತು. ಸರ್ರ್ ಎಂದು ಮಣ್ಣಿನ ಮೇಲೆ ಬೂಟಿನ ಮುಳ್ಳುಗಳು ಎಳೆದ ಸದ್ದು. ಆಮೇಲೆ ಟಕ್. ಮತ್ತೆ ಸ್ವಲ್ಪ ಹೊತ್ತಿಗೆ ಸರ್ರ್, ಆಮೇಲೆ ಟಕ್. ಜನ ತುಂಬಿದ ಗ್ಯಾಲರಿಯಲ್ಲಿ, ಡೋಲು ತುತ್ತೂರಿಗಳ ನಡುವೆ, ಯಾರ ಕಿವಿಗೂ ಬೀಳದಂಥ ಸದ್ದು ಅದು.

ಅವಳು ಎದ್ದು ನೆಟ್ಟಗೆ ಕೂತಳು. ಎಸೆಯುವವನು ಕೈಯಿಂದ ಚೆಂಡು ಬಿಡುವ ಹೊತ್ತಿಗೇ ಕುರೊಗಿ ಹೊರಟಿರುತ್ತಿದ್ದ. ಕ್ಯಾಚರ್ ಚೆಂಡು ಎಲ್ಲಿ ಬೇಡುತ್ತಾನೆ, ಬ್ಯಾಟರ್ ಕಾಲು ಹೇಗಿಟ್ಟಿದ್ದಾನೆ, ಎಲ್ಲ ನೋಡಿಕೊಂಡು ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಜಾರುತ್ತಿದ್ದ. ಬ್ಯಾಟು ತಾಗುವ ಹೊತ್ತಿಗೆ ಅವನು ಅಲ್ಲಿರುತ್ತಿದ್ದ. ಚೆಂಡು ಬಂದು ಅವನ ಕೈ ಸೇರುತ್ತಿತ್ತು. ಅವನಿಗೆ ಕಷ್ಟದ ಚೆಂಡು ಬಾರದೇ ಇರಲಿಲ್ಲ. ಬಂದದ್ದನ್ನೆಲ್ಲ ಅವನು ಸುಲಭ ಮಾಡಿಕೊಳ್ಳುತ್ತಿದ್ದ.

ಅರ್ಧ ಆಟದ ಮೇಲೆ ಹಯಾಸೆ ಬಂದ. ಈಗ ಅವಳು ಬೇಕೆಂದೇ ಕಣ್ಣು ಮುಚ್ಚಿದಳು, ತನ್ನ ಅನುಮಾನ ಸುಳ್ಳಾಗಲಿ ಎಂದು ಚಾಮುಂಡಿಯನ್ನು ನೆನೆದುಕೊಂಡಳು. ಟಕ್. ಆಮೇಲೆ ಸರ್ರ್. ಕಣ್ಣು ಬಿಟ್ಟಾಗ ಹಯಾಸೆ ಗಾಳಿಯಲ್ಲಿದ್ದ, ಎಂದಿನಷ್ಟೇ ಚೆಂದವಾಗಿ. ಕುರೊಗಿ ನಿಂತು ಎತ್ತಿಕೊಳ್ಳುತ್ತಿದ್ದ ಚೆಂಡಿಗೆ ಇವನು ಹಾರಬೇಕಾಗಿತ್ತು. ಅದನ್ನು ಹಿಡಿದ, ಅದರ ನಂತರದ್ದು ಕೈಗವಸಿನ ಕೆಳಗೆ ನುಸುಳಿ ಹೋಯಿತು. ಅಂಥದ್ದನ್ನೆಲ್ಲ ಅವಳು ಇಷ್ಟು ದಿನ, ಪಾಪ, ಕಷ್ಟದ ಚೆಂಡು, ಯಾರಿಂದಲೂ ಆಗುತ್ತಿರಲಿಲ್ಲ ಎಂದು ಬರೆದಿದ್ದಳು. ಚೆಂಡನ್ನು ತೂಗುವ ಬದಲು ಅವಳು ಬೀಳುವವನನ್ನು ತೂಗಿದ್ದಳು.

ಮನೆಗೆ ಬಂದವಳೇ ಕ್ಲಬ್ಬಿನಿಂದ ಕತ್ತರಿಸದ ಪೂರ್ತಿ ಆಟಗಳನ್ನು ತರಿಸಿಕೊಂಡಳು. ಈ ಸಲ ಚೆಂಡು ಎಲ್ಲಿಂದ ಹೊರಟಿತು, ಎಷ್ಟು ಜೋರಿತ್ತು, ಎಲ್ಲಿ ಹೋಯಿತು ಎಂಬುದಷ್ಟನ್ನೇ ನೋಡಿ, ಹಿಡಿಯುವವನ ಮುಖ ನೋಡದೆ ಗುರುತು ಹಾಕಿದಳು. ಆಮೇಲೆ ಬ್ಯಾಟು ತಾಗುವ ಮೊದಲು ಇಬ್ಬರೂ ಏನು ಮಾಡುತ್ತಾರೆಂದು ನೋಡಿದಳು. ಹಿಡಿಯುವುದರಲ್ಲಿ ಕುರೊಗಿ ಎಲ್ಲೋ ಮುಂದೆ ಹೋಗಿಬಿಟ್ಟ. ಬ್ಯಾಟಿಂಗಿನಲ್ಲಾದರೂ ಹಯಾಸೆ ಉಳಿಯಲಿ ಎಂಬ ಆಸೆಯಿಂದ ಅದನ್ನೂ ಬಿಡಿಸಿ ನೋಡಿದಳು. ಅವನು ಬೇಲಿ ಮುಟ್ಟಿಸಿದ್ದೆಲ್ಲ ನಿಧಾನದ ಚೆಂಡುಗಳು. ಮೈಗೆ ಒತ್ತಿ ವೇಗವಾಗಿ ಬಂದವಕ್ಕೆ ಅವನ ಬ್ಯಾಟು ಪ್ರತಿ ಸಲ ಒಂದು ಕೂದಲಿನಷ್ಟು ತಡ. ಮೊದಲ ತಂಡದಲ್ಲಿ ಅಂಥವನ್ನೇ ಎಸೆಯುವುದು. ಹೊಡೆಯುವುದರಲ್ಲಿ ಇನ್ನೂ ಅವನೇ ಮುಂದಿದ್ದ, ಆದರೆ ಅಷ್ಟು ಮುಂದಲ್ಲ.

ಒಂದು ಸಂಜೆ ಮೇಜಿನ ಆ ತುದಿಯವನಿಗೆ ಎಲ್ಲ ಹೇಳಿಕೊಂಡಳು. ಮೊದಲನೇ ವರದಿ ಆಗಲೇ ಒಪ್ಪಿಗೆಯಾಗಿದೆ, ಹಾಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಹಯಾಸೆ ಉಳಿಯುತ್ತಾನೆ. ತಿದ್ದಿದರೆ ತನ್ನ ಕೆಲಸಕ್ಕೆ ಕುತ್ತು ಬರಬಹುದು, ಅದಕ್ಕಿಂತ ಹೆಚ್ಚಾಗಿ ಹಯಾಸೆ ಹೋಗುತ್ತಾನೆ. ಪ್ರಶಾಂತ ಹೆಡ್‌ಫೋನ್ ಕೆಳಗಿಟ್ಟು ಪೂರ್ತಿ ಕೇಳಿದ. ಬ್ರೇಕಿನ ಮನುಷ್ಯ ಅವನು, ಮಾತು ಎಲ್ಲಿ ನಿಲ್ಲಿಸಬೇಕೆಂದು ಗೊತ್ತು.

"ನೋಡು ಚಾಮು, ಹಾಗೇ ಬಿಟ್ರೆ ಆ ಇನ್ನೊಬ್ಬ ಹುಡುಗ ಹೋಗ್ತಾನೆ. ಅವನೂ ಯಾರದೋ ಮನೆ ಮಗನೇ ಅಲ್ವಾ," ಎಂದ. "ಅವನ ಕ್ಲಿಪ್ಸ್ ಬೋರಿಂಗ್ ಅನ್ನೋದು ಅವನ ಮಿಸ್ಟೇಕ್ ಅಲ್ವಲ್ಲ."

ಅವಳಿಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ಬರುವಂಥ ಸಿಟ್ಟು.

ಮರುದಿನ ಶಿನಾಗಾವಾದ ಆಫೀಸಿನಲ್ಲಿ, ಪ್ಲಾಸ್ಟಿಕ್ ತಡೆಯ ಆಚೆ ಈಚೆ ಕೂತು, ಅವಳು ಒಕಾಬೆ-ಸಾನ್‌ಗೆ ಹೊಸ ವರದಿ ಕೊಟ್ಟಳು. ಜಪಾನಿನಲ್ಲಿ ಮೇಲಕ್ಕೆ ಹೋದದ್ದನ್ನು ಕೆಳಕ್ಕೆ ತರುವುದು ಎಷ್ಟು ಕಷ್ಟವೆಂದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಸುಮಿಮಾಸೆನ್, ಕ್ಷಮಿಸಿ ಎಂದು ತಲೆ ಬಗ್ಗಿಸಿದಳು, ಆದದ್ದನ್ನು ಆದ ಹಾಗೇ ಹೇಳಿದಳು. ಅವರು ಬೈಯಲಿಲ್ಲ. ವರದಿಯ ಪುಟಗಳನ್ನು ತಿರುವಿ ಹಾಕುತ್ತ, ನಿಮಗೆ ಯಾರ ಆಟ ನೋಡಬೇಕು ಅನ್ನಿಸುತ್ತದೆ ಎಂದು ಕೇಳಿದರು.

"ಹಯಾಸೆ-ಸಾನ್ ಆಟ."

"ಯಾರನ್ನ ಉಳಿಸಬೇಕು?"

"ಕುರೊಗಿ-ಸಾನ್‌ನ," ಎಂದಳು.

ನನಗೂ ಹಾಗೇ, ಎರಡಕ್ಕೂ, ಎಂದು ಒಕಾಬೆ-ಸಾನ್ ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಮೇಲಿನವರ ಮುಂದೆ ಹೋಗಿ ತಲೆ ಬಗ್ಗಿಸುವ ಕೆಲಸ ಈಗ ಅವರದಾಯಿತು.

ಅಕ್ಟೋಬರಿನ ಮೊದಲ ವಾರದಲ್ಲೇ ಸುದ್ದಿ ಬಂತು. ತಂಡ ಬಿಡುವವನು, ಬಿಟ್ಟ ಮೇಲೆ ಒಮ್ಮೆ ಬಂದು, ಬಟ್ಟೆ ಒಗೆಯುವವರಿಂದ ಹಿಡಿದು ಎಲ್ಲರಿಗೂ ಕೃತಜ್ಞತೆ ಹೇಳಿ ಹೋಗುವುದು ಅಲ್ಲಿಯ ಪದ್ಧತಿ. ಆ ದಿನ ಚಾಮುಂಡೇಶ್ವರಿ ಮೈದಾನದ ಪಕ್ಕದ ಪುಟ್ಟ ಕೋಣೆಯಲ್ಲಿದ್ದಳು. ಹೋಗಬೇಡ ಎಂದು ಒಂದು ಮನಸ್ಸು, ಹೋಗಲೇಬೇಕು ಎಂದು ಇನ್ನೊಂದು, ಎರಡನೆಯದು ಗೆದ್ದಿತ್ತು. ಹಯಾಸೆ ಕಪ್ಪು ಸೂಟು ಹಾಕಿಕೊಂಡು ಬಂದ. ಆ ಬಟ್ಟೆಯಲ್ಲಿ ಅವನು ಕೆಲಸ ಹುಡುಕಿಕೊಂಡು ಹೊರಟ ಯಾವ ಹುಡುಗನಾದರೂ ಆಗಬಹುದಿತ್ತು. ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಧನ್ಯವಾದ ಎಂಬ ಬಾಯಿಪಾಠದ ಮಾತು ಹೇಳಿ, ಸೊಂಟದವರೆಗೆ ಬಾಗಿದ.

ಸುಮ್ಮನೆ ತಾನೂ ಬಾಗಿ ಕಳಿಸಿಬಿಡಬಹುದಿತ್ತು. ಅವಳಿಂದ ಆಗಲಿಲ್ಲ. ಆ ವರದಿ ಬರೆದವಳು ನಾನೇ ಎಂದು ಹೇಳಿಬಿಟ್ಟಳು. ಮೊದಲು ನಿಮ್ಮ ಪರ ಬರೆದಿದ್ದೆ, ಆಮೇಲೆ ಬದಲಾಯಿಸಿದೆ ಎಂದೂ ಹೇಳಿದಳು.

ಹಯಾಸೆ ನಿಧಾನವಾಗಿ ತಲೆ ಎತ್ತಿದ. ಸಿಟ್ಟಿರಲಿಲ್ಲ. "ಬ್ಯಾಟ್ ಸದ್ದು ಕೇಳೋ ತನಕ ನನ್ನ ಕಾಲು ಏಳಲ್ಲ," ಎಂದ. "ಹೈಸ್ಕೂಲಿಂದ್ಲೂ ಹಾಗೇ. ತಡವಾಗುತ್ತೆ ಅಂತಾನೇ ಹಾರ್ತಿದ್ದೆ. ಎಲ್ರೂ ಹೊಗಳೋರು. ಒಂದಲ್ಲ ಒಂದು ದಿನ ಯಾರಿಗಾದ್ರೂ ಗೊತ್ತಾಗುತ್ತೆ ಅಂತ ಹೆದರಿಕೊಂಡೇ ಆಡ್ತಿದ್ದೆ."

ಇನ್ನು ಫುಕುವೋಕಾಕ್ಕೆ ಹೋಗಿ ಅಣ್ಣನ ಜೊತೆ ಕೆಲಸಕ್ಕೆ ಸೇರುತ್ತೇನೆ ಎಂದು ತಿಳಿಸಿದ. ಬಾಗಿಲವರೆಗೆ ಹೋದವನು ನಿಂತ.

"ನನ್ನ ಎಲ್ಲಾ ಬಾಲ್ ನೋಡಿದೀರಲ್ವಾ. ಒಂದೇ ಒಂದು ಸಲನಾದ್ರೂ ನಾನು ಮೊದಲೇ ಹೊರಟಿದ್ದೆನಾ?"

ಅವಳು ಎಲ್ಲವನ್ನೂ ನೋಡಿದ್ದಳು. ಪೂರ್ತಿ ಆಟಗಳನ್ನು ನೋಡಿ ವರದಿ ತಿದ್ದುವಾಗ ಅಂಥದ್ದೊಂದು ಸಿಕ್ಕೀತೇ ಎಂದು, ಸಿಕ್ಕಲಿ ಎಂದು, ಹಟ ಹಿಡಿದು ಹುಡುಕಿದ್ದಳು. ಹೌದು, ಒಂದು ಸಲ, ಜೂನಿನಲ್ಲಿ ಎಂದು ಹೇಳಿದರೆ ಅವನು ಹೋಗಿ ನೋಡುವವನಲ್ಲ. ಆ ಹುಡುಗ ಅದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗುತ್ತಿದ್ದ. ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅದು ಅವಳಿಗೆ ಸಿಹಿಯಾಗಿಯೂ ಇತ್ತು.

"ಇಲ್ಲ, ಹಯಾಸೆ-ಸಾನ್," ಎಂದಳು. "ಒಂದು ಸಲನೂ ಇಲ್ಲ."

ಅವನು ನಕ್ಕ. ಯಾವ ತುಣುಕಿನಲ್ಲೂ ಅವಳು ನೋಡದಿದ್ದ ನಗು. ಮೊದಲಿಗಿಂತ ಆಳವಾಗಿ ಬಾಗಿ, ಬಹಳ ಹೊತ್ತು ಹಾಗೇ ಇದ್ದ. ಅವಳೂ ಬಾಗಿದಳು. ನೆಲವನ್ನೇ ನೋಡುತ್ತ ಬಾಗಿ ನಿಂತ ಚಾಮುಂಡೇಶ್ವರಿಯ ಕಣ್ಣಿಂದ ನೀರು ಚಪ್ಪಲಿಯ ಮೇಲೆ ತಟತಟನೆ ಬಿತ್ತು. ಅವಳು ತಲೆ ಎತ್ತುವಷ್ಟರಲ್ಲಿ ಅವನು ಹೊರಟುಹೋಗಿದ್ದ.